ಹತ್ತನೆಯ ಬದಲಿ

ಎಷ್ಟೋ ವರ್ಷಗಳ ಮೇಲೆ ನಮಗೊಂದು ರೆಕಾರ್ಡಿಂಗ್ ಸಿಕ್ಕಿತ್ತು. ಯಂತ್ರದ ಸದ್ದು ಬೇಡ, ಹನ್ನೆರಡು ಜನ ಮನುಷ್ಯರೇ ಕೂತು ಪಿಟೀಲು ನುಡಿಸಬೇಕು ಅಂತ ಹೊಸ ಮ್ಯೂಸಿಕ್ ಡೈರೆಕ್ಟರೊಬ್ಬ ಹಟ ಹಿಡಿದಿದ್ದನಂತೆ. ಅವನ ಹೊಟ್ಟೆ ತಣ್ಣಗಿರಲಿ. ನಮ್ಮನ್ನೆಲ್ಲ ಹುಡುಕಿ ಒಟ್ಟುಗೂಡಿಸಿದವನು ಫೆಲಿಕ್ಸ್. ಹಿಂದೆ ಯಾವ ಸ್ಟುಡಿಯೋದವರಿಗೆ ವಾದಕರು ಬೇಕಾದರೂ ಅವನಿಗೇ ಫೋನು ಹೋಗುತ್ತಿತ್ತು. ಕರೆಸಿ ಕೂರಿಸಿ, ಆಮೇಲೆ ತಾನೂ ನಮ್ಮ ಸಾಲಿನಲ್ಲೇ ಪಿಟೀಲು ಹಿಡಿದು ಕೂರುತ್ತಿದ್ದ. ಅವತ್ತು ರಾಜಾಜಿನಗರದ ಸ್ಟುಡಿಯೋ ಬಾಗಿಲಲ್ಲಿ ನಿಂತು, ಹೆಣ್ಣಿನ ಕಡೆಯವರು ಬೀಗರನ್ನು ಬರಮಾಡಿಕೊಳ್ಳುವ ಹಾಗೆ ಒಬ್ಬೊಬ್ಬರನ್ನೂ ಕೈಹಿಡಿದು ಒಳಗೆ ಕಳಿಸಿದ. ಕೆಲಸವಿಲ್ಲದ ಕಾಲದಲ್ಲಿ ಒಬ್ಬ ಹಿಟ್ಟಿನ ಗಿರಣಿ ಇಟ್ಟಿದ್ದ, ಒಬ್ಬ ಸ್ಕೂಲ್ ವ್ಯಾನು ಓಡಿಸುತ್ತಿದ್ದ. ನಾನು ಹನುಮಂತನಗರದ ಮಕ್ಕಳಿಗೆ ಸರಳೆ ವರಸೆ ಹೇಳಿಕೊಟ್ಟು ಗಂಟಲು ಕೆಡಿಸಿಕೊಂಡಿದ್ದೆ.

ಕೆಂಪು ದೀಪ ಹತ್ತಿತು. ಹೆಡ್‌ಫೋನಿನಲ್ಲಿ ತಾಳದ ಟಿಕ್ ಟಿಕ್ ಶುರುವಾಯಿತು. ಹನ್ನೆರಡು ಕಮಾನು ಒಟ್ಟಿಗೆ ಇಳಿದವು. ನನಗೆ ಮೈಯೆಲ್ಲ ಜುಮ್ಮೆಂದಿತು, ಸುಳ್ಳು ಯಾಕೆ ಹೇಳಲಿ. ಎರಡು ಸಾಲು ಸ್ವರ ಮುಗಿಯುವುದರೊಳಗೆ ಮೈಕು ಸತ್ತಿತು.

"ಯಾರೋ ಒಬ್ರು ಕಾವಲುಕಿವಿಗೆ ಸಿಕ್ಕಾಕೊಂಡಿದೀರಿ," ಎಂದ ಗಾಜಿನಾಚೆ ಕೂತಿದ್ದ ಎಂಜಿನಿಯರು. "ಒಬ್ಬೊಬ್ರೇ ನುಡಿಸಿ, ನೋಡೋಣ."

ಕಾವಲುಕಿವಿ ಅಂದರೆ ಏನು ಅಂತ ಈಗ ಮಕ್ಕಳಿಗೂ ಗೊತ್ತು. ಆದರೂ ಹೇಳಿಬಿಡುತ್ತೇನೆ. ಕಮಾನು ತಂತಿಯನ್ನು ಮುಟ್ಟುವ ಮೊದಲ ಕ್ಷಣ, ಅದು ದಿಕ್ಕು ಬದಲಿಸುವಾಗ ಆಗುವ ಕೂದಲೆಳೆಯಷ್ಟು ತಡ, ಬೆರಳು ಊರಿದ ಮೇಲೆ ಸ್ವರ ನಡುಗಲು ಹಿಡಿಯುವ ಹೊತ್ತು, ಇವೆಲ್ಲ ಒಬ್ಬೊಬ್ಬರಲ್ಲಿ ಒಂದೊಂದು ತರಹ. ನಾದಹಸ್ತ ಅನ್ನುವ ಕಂಪನಿಯವರು ಇವನ್ನು ಅಳೆದು, ಅದಕ್ಕೆ 'ಕೈ' ಅಂತ ಹೆಸರಿಟ್ಟು, ವಾದಕರಿಂದ ಕೊಳ್ಳತೊಡಗಿದರು. ಹಳೆಯ ರೆಕಾರ್ಡಿಂಗುಗಳನ್ನು ತಿನ್ನಿಸಿದರೆ ಯಂತ್ರಕ್ಕೆ ಆ ಕೈ ಬರುತ್ತದೆ. ಆಮೇಲೆ ಯಾವ ಹಾಡು ಕೊಟ್ಟರೂ ಅದೇ ಕೈಯಲ್ಲಿ ನುಡಿಸುತ್ತದೆ. ಕೊಂಡ ಕೈಯನ್ನು ಇನ್ನೊಬ್ಬರು ಮೈಕಿನ ಮುಂದೆ ನಕಲು ಮಾಡಿದರೆ ಕಳ್ಳತನ ಅಂತ ಕಾನೂನೂ ಬಂತು. ಅಂದಿನಿಂದ ಅಂಗಡಿಯಲ್ಲಿ ಮಾರುವ ಪ್ರತಿ ಮೈಕಿನೊಳಗೂ ಹೆಸರುಕಾಳಿನಷ್ಟು ಒಂದು ಚಿಪ್ ಇರುತ್ತದೆ. ಮಾರಾಟವಾದ ಕೈ ಕೇಳಿಸಿದ ತಕ್ಷಣ ಅದು ಮೈಕಿನ ಕತ್ತು ಹಿಸುಕುತ್ತದೆ.

ನನ್ನ ಸರದಿ ಬಂತು. ನುಡಿಸಿದೆ. ಗಾಜಿನಾಚೆಯ ಪರದೆಯ ಮೇಲೆ ಅಕ್ಷರ ಮೂಡಿತು: ಅಚ್ಯುತ ಕೈ. ಒಡೆತನ ನಾದಹಸ್ತ.

"ಅಕ್ಕ, ನೀವು ಸ್ವಲ್ಪ ಹೊರಗೆ ಕೂತಿರ್ತೀರಾ?" ಎಂದ ಫೆಲಿಕ್ಸ್, ನೆಲ ನೋಡುತ್ತ. ನಾನು ಹೊರಗೆ ಬಂದು ಚಪ್ಪಲಿ ಬಿಡುವ ಜಾಗದಲ್ಲಿ ಕೂತೆ. ಒಳಗೆ ಹನ್ನೊಂದು ಜನ ಶುರು ಮಾಡಿದರು. ಸ್ವಲ್ಪ ಹೊತ್ತಿಗೆ ಮತ್ತೆ ಮೈಕು ಸತ್ತಿತು. ಮತ್ತೆ ಅದೇ ಅಚ್ಯುತ ಕೈ. ಒಬ್ಬೊಬ್ಬರೇ ನುಡಿಸಿದರೆ ಏನೂ ಇಲ್ಲ, ಒಟ್ಟಿಗೆ ನುಡಿಸಿದರೆ ಸಾವು. ಡೈರೆಕ್ಟರ್ ತಲೆ ಚಚ್ಚಿಕೊಂಡು, "ಒಂದು ತಿಂಗಳು ಕಾಯ್ತೀನಿ. ಅಷ್ಟರೊಳಗೆ ಸರಿ ಮಾಡ್ಕೊಂಡು ಬನ್ನಿ. ಇಲ್ಲ ಅಂದ್ರೆ ನಾನೂ ಯಂತ್ರಕ್ಕೇ ಹೋಗ್ಬೇಕಾಗುತ್ತೆ," ಎಂದು ಹೊರಟುಹೋದ.

*

ಅಲ್ಲಿಂದ ನೆಟ್ಟಗೆ ಹೋದದ್ದು ರಾಜೀವತ್ತಿಗೆಯ ಮನೆಗೆ. ಅವರು ಅಚ್ಯುತಣ್ಣನ ಹೆಂಡತಿ. ಅಚ್ಯುತಣ್ಣ ನಮ್ಮ ಸಾಲಿನ ಮೊದಲ ಕುರ್ಚಿಯವರು, ನನ್ನದು ಅವರ ಪಕ್ಕದ ಕುರ್ಚಿ. ಕೊನೆಗಾಲದಲ್ಲಿ ತಮ್ಮ ಕೈಯನ್ನು ನಾದಹಸ್ತಕ್ಕೆ ಕೊಟ್ಟು, ಹೆಂಡತಿಗೆ ತಿಂಗಳು ತಿಂಗಳು ಒಂದಿಷ್ಟು ಬರುವ ಹಾಗೆ ಮಾಡಿ ಕಣ್ಣು ಮುಚ್ಚಿದರು. ಕಂಪನಿಯವರು ಮಾತ್ರ ಅವರನ್ನು ಸಾಯಲು ಬಿಟ್ಟಿಲ್ಲ. ಲಿಫ್ಟಿನಲ್ಲಿ ಅಚ್ಯುತಣ್ಣ, ಬನಿಯನ್ ಜಾಹೀರಾತಿನಲ್ಲಿ ಅಚ್ಯುತಣ್ಣ, ಆಸ್ಪತ್ರೆಯಲ್ಲಿ ಟೋಕನ್ ನಂಬರ್ ಕೂಗುವ ಮುಂಚೆ ಅಚ್ಯುತಣ್ಣ.

ಅತ್ತಿಗೆ ನೆನೆಸಿದ ಅವರೆಕಾಳು ಹಿತಕುತ್ತ ಕೂತಿದ್ದರು. "ಏನೇ ಸರಸಿ, ಮುಖ ಯಾಕೆ ಹಿಂಗೆ? ರೆಕಾರ್ಡಿಂಗ್ ಇತ್ತಲ್ವಾ ಇವತ್ತು?"

"ಅಚ್ಯುತಣ್ಣನ ಕೈ ಕದ್ದಿದೀನಂತೆ ಅತ್ತಿಗೆ. ಮೈಕು ನನ್ನ ಕಂಡ್ರೆ ಪ್ರಾಣ ಬಿಡುತ್ತೆ."

ಅವರು ಮೊದಲು ಕಣ್ಣು ಅಗಲಿಸಿದರು, ಆಮೇಲೆ ನಕ್ಕರು. "ಚೆನ್ನಾಗಿದೆ ಬಿಡು! ನೀನು ಅವರ ಬದಲಿ ಹೋಗ್ತಿದ್ದಿದ್ದು ಊರಿಗೇ ಗೊತ್ತು. ಆ ಕಂಪನಿಯವರಿಗೆ ಯಾರೂ ಹೇಳ್ಲಿಲ್ವಂತಾ?"

ಬದಲಿ ನಮ್ಮ ಕಸುಬಿನ ಹಳೆಯ ಪದ್ಧತಿ. ಒಂದೇ ಬೆಳಗ್ಗೆ ಎರಡು ಸ್ಟುಡಿಯೋದಲ್ಲಿ ಕೆಲಸ ಒಪ್ಪಿಕೊಂಡವರು ಒಂದಕ್ಕೆ ತಾವು ಹೋಗಿ, ಇನ್ನೊಂದಕ್ಕೆ ನಂಬಿಕಸ್ಥರನ್ನು ಕಳಿಸುವುದು. ಹೋದವರು ತಮ್ಮ ಹಾಗೆ ನುಡಿಸಕೂಡದು, ಕಳಿಸಿದವರ ಹಾಗೆಯೇ ನುಡಿಸಬೇಕು. ಡೈರೆಕ್ಟರುಗಳು ಕಣ್ಣಿಗೆ ಬೇರೆ ಮುಖ ಕಂಡರೂ ಕಿವಿಗೆ ವ್ಯತ್ಯಾಸ ಬರದಿದ್ದರೆ ಸುಮ್ಮನಿರುತ್ತಿದ್ದರು. ವ್ಯತ್ಯಾಸ ಬಂತೋ, ಕಳಿಸಿದವರ ಅನ್ನಕ್ಕೆ ಕಲ್ಲು ಬಿತ್ತು. ಹೆಸರು ಬರೆಸುವುದೂ ಅವರದ್ದೇ. ಇದರಲ್ಲಿ ಯಾರಿಗೂ ಬೇಜಾರಿರಲಿಲ್ಲ. ಎಲ್ಲರೂ ಎಲ್ಲರಿಗೂ ಬದಲಿ. ಅಚ್ಯುತಣ್ಣನಿಗೆ ಸಿಕ್ಕಾಪಟ್ಟೆ ಕೆಲಸ, ಹಾಗಾಗಿ ಅವರ ಬದಲಿ ನಾನು ಹೋದದ್ದಕ್ಕೆ ಲೆಕ್ಕವಿಲ್ಲ. ಕಂಪನಿಯವರು ಅಚ್ಯುತ ಅಂತ ಹೆಸರು ಬರೆದ ರೆಕಾರ್ಡಿಂಗುಗಳನ್ನೆಲ್ಲ ಬಾಚಿ ಯಂತ್ರಕ್ಕೆ ಹಾಕಿದಾಗ, ಅವರ ಜೊತೆ ನಾನೂ ಅದರ ಹೊಟ್ಟೆಗೆ ಹೋದೆ.

"ಹಾಗಾದ್ರೆ ನಂಗೆ ತಿಂಗಳು ತಿಂಗಳು ಬರ್ತಿರೋದು ನಿನ್ನ ಕೈ ದುಡ್ಡೇನೇ?" ಎಂದರು ಅತ್ತಿಗೆ, ನಗು ನಿಲ್ಲಿಸಿ.

"ಯಾವುದು ಯಾರ್ದು ಅಂತ ಬೇರೆ ಮಾಡೋಕೆ ಆ ಬ್ರಹ್ಮನಿಗೂ ಆಗಲ್ಲ ಬಿಡಿ. ನಾನು ಅವರ ಹಾಗೆ ನುಡಿಸೋದು ಕಲಿತೆ. ಆಮೇಲೆ ಅವರೂ ನನ್ನ ಹಾಗೆ ಕಮಾನು ತಿರುಗಿಸೋಕೆ ಶುರು ಮಾಡಿದ್ರು."

ಅತ್ತಿಗೆ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. ನನಗೆ ಅಷ್ಟು ಹೊತ್ತು ತಡೆದುಕೊಂಡಿದ್ದ ಅಳು ಅಲ್ಲಿ ಒತ್ತರಿಸಿ ಬಂತು. ನಾನೇನು ಕಛೇರಿ ಮಾಡುವ ವಿದುಷಿಯಲ್ಲ, ವೇದಿಕೆ ಹತ್ತಿದವಳಲ್ಲ. ನನ್ನ ಜನ್ಮ ಕಳೆದದ್ದೇ ಮೈಕಿನ ಮುಂದೆ. ಮೈಕು ನನ್ನನ್ನು ಕೇಳುವುದಿಲ್ಲ ಅಂದಮೇಲೆ ನಾನು ಪಿಟೀಲಿನವಳೇ ಅಲ್ಲ. ಅವಮಾನಕ್ಕಿಂತ ಹೆಚ್ಚಾಗಿ ಸಿಟ್ಟು ಬಂದಿತ್ತು. ನನ್ನ ಭುಜಕ್ಕೆ ಅಂಟಿಕೊಂಡಿರುವ ಕೈಯನ್ನು ನನ್ನದಲ್ಲ ಅನ್ನಲು ಇವರ್ಯಾರು?

"ಅಳೋದು ಆಮೇಲೆ," ಎಂದರು ಅತ್ತಿಗೆ, ಸೆರಗಿನಿಂದ ಕೈ ಒರೆಸಿಕೊಳ್ಳುತ್ತ. "ಮೊದ್ಲು ಹೋಗಿ ಕೇಳು. ಕೇಳದೇ ಇದ್ರೆ ತಾಯೀನೂ ಹಾಲು ಕುಡಿಸಲ್ಲ."

*

ನಾದಹಸ್ತದ ಪ್ರಯೋಗಾಲಯ ಯಲಹಂಕದ ಆಚೆ ಇದೆ. ಕಾವಲುಕಿವಿಯನ್ನು ಮಾಡಿದ ವಿಜ್ಞಾನಿ ಡಾ. ಮಂದಾಕಿನಿ ಶಾನಭಾಗ್ ಅಂತ. ದರ್ಪದ ಹೆಂಗಸು ಇರಬಹುದು, ಸರಿಯಾಗಿ ಬೈದು ಬರೋಣ ಅಂತ ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋಗಿದ್ದೆ. ನೋಡಿದರೆ ಆಕೆ ಎದ್ದು ನಿಂತು, ಕಾಫಿ ತರಿಸಿ, ನಾನು ಹೇಳಿದ್ದನ್ನೆಲ್ಲ ಅಡ್ಡ ಬಾಯಿ ಹಾಕದೆ ಕೇಳಿದರು. ಬೈಗುಳವೆಲ್ಲ ಗಂಟಲಲ್ಲೇ ಉಳಿಯಿತು.

ಒಂದು ಗಾಜಿನ ಕೋಣೆಯಲ್ಲಿ ಕೂರಿಸಿ, ಬೆರಳಿಗೆ ಮಣಿಕಟ್ಟಿಗೆ ಏನೇನೋ ಅಂಟಿಸಿ, ಮಧ್ಯಾಹ್ನದವರೆಗೆ ನುಡಿಸುವಂತೆ ಮಾಡಿದರು. ಆಮೇಲೆ ಪರದೆಯ ಮೇಲೆ ಗೀಟುಗಳನ್ನು ಒಂದರ ಮೇಲೊಂದು ಇಟ್ಟು ತೋರಿಸಿದರು.

"ನೀವು ಹೇಳಿದ್ದು ನಿಜ ಮೇಡಂ. ಅಚ್ಯುತ ಕೈ ಅಂತ ನಾವು ಮಾರ್ತಿರೋದ್ರಲ್ಲಿ ಮುಕ್ಕಾಲು ನೀವೇ ಇದೀರಿ." ಅವರ ದನಿಯಲ್ಲಿ ನಾಚಿಕೆಯಿತ್ತು. "ಇದನ್ನ ಸರಿ ಮಾಡೋ ದಾರಿ ಇದೆ. ಕೈ ನಿಮ್ಮದು ಅಂತ ನೀವು ಒಪ್ಪಂದ ಮಾಡ್ಕೊಳ್ಳಿ. ಮೈಕು ನಿಮಗೆ ತೆರೆಯುತ್ತೆ. ಇನ್ಮೇಲೆ ಆ ಕೈ ಎಲ್ಲೆಲ್ಲಿ ಕೇಳಿಸುತ್ತೋ ಅಲ್ಲೆಲ್ಲ ನಿಮ್ಮ ಹೆಸರು ಹಾಕ್ತೀವಿ. ಪಿಟೀಲು, ಸರಸಿಜ."

ಪಿಟೀಲು, ಸರಸಿಜ. ನನಗೆ ಆಸೆಯಾಗಲಿಲ್ಲ ಅಂದರೆ ನನ್ನ ನಾಲಿಗೆ ಬಿದ್ದುಹೋಗಲಿ. ಎಷ್ಟು ಸಿನಿಮಾಕ್ಕೆ ನುಡಿಸಿದ್ದೇನೆ, ಎಷ್ಟು ಜನ ನನ್ನ ಪಿಟೀಲು ಕೇಳಿ ಕಣ್ಣೊರೆಸಿಕೊಂಡು ಥಿಯೇಟರಿನಿಂದ ಹೊರಗೆ ಬಂದಿದ್ದಾರೆ. ಪರದೆಯ ಮೇಲೆ ಒಂದು ಸಲವೂ ನನ್ನ ಹೆಸರು ಬಂದದ್ದಿಲ್ಲ. ನನ್ನಮ್ಮ ಸಾಯುವವರೆಗೂ ಹೊಸ ಸಿನಿಮಾ ನೋಡಿ ಬಂದಾಗಲೆಲ್ಲ, "ನಿನ್ನ ಹೆಸರು ಬೇಗ ಬೇಗ ಹೋಗ್ಬಿಡ್ತೇನೋ, ನಂಗೆ ಓದೋಕಾಗ್ಲಿಲ್ಲ," ಅನ್ನುತ್ತಿದ್ದಳು.

"ನನ್ನ ಜೊತೆ ನುಡಿಸೋ ಹನ್ನೊಂದು ಜನ ಇದಾರಲ್ಲ, ಅವರ ಗತಿ?" ಎಂದು ಕೇಳಿದೆ.

ಡಾಕ್ಟರು ಕಾಫಿ ಲೋಟ ಕೆಳಗಿಟ್ಟರು. "ಅದೇ ತೊಂದರೆ. ಕೈಗೆ ಬದುಕಿರೋ ಒಡತಿ ಇದ್ರೆ ಕಾವಲು ಇನ್ನೂ ಬಿಗಿ ಮಾಡ್ಬೇಕಾಗುತ್ತೆ. ಅವತ್ತು ನೀವು ಹೊರಗೆ ಹೋದ್ಮೇಲೂ ಮೈಕು ಸತ್ತಿತು ಅಂದ್ರಲ್ಲ. ಅವರು ನಿಮಗೆ ತುಂಬಾ ಹತ್ತಿರ ಇದಾರೆ. ನಿಮ್ಮನ್ನ ಕಾಯ್ಬೇಕು ಅಂದ್ರೆ ಅವರಿಗೆ ಮೈಕು ಮುಚ್ಚಬೇಕು."

"ಅಂದ್ರೆ ನನ್ನೊಬ್ಬಳನ್ನ ಒಳಗೆ ಬಿಟ್ಟು ಅವರನ್ನೆಲ್ಲ ಆಚೆಗೆ ತಳ್ತೀರಿ."

"ಕಾನೂನು ಹಾಗಿದೆ ಮೇಡಂ." ಆಮೇಲೆ ಅವರೇ ಇನ್ನೊಂದು ಮಾತು ಹೇಳಿದರು. ಯಾಕೆ ಹೇಳಿದರೋ, ಅವರ ಒಳ್ಳೆಯತನ ಅಂದುಕೊಂಡಿದ್ದೇನೆ. "ಕಾನೂನಿನಲ್ಲಿ ಇನ್ನೊಂದು ಅಂಶ ಇದೆ, ಯಾರೂ ಇದುವರೆಗೂ ಬಳಸಿಲ್ಲ. ಒಂದೇ ಕೈ, ಮೂಲದವರನ್ನ ಬಿಟ್ಟು ಇನ್ನೂ ಹತ್ತು ಜನರಲ್ಲಿ ಕಂಡ್ರೆ ಅದು ಬಾನಿ, ಅಂದ್ರೆ ಎಲ್ಲರಿಗೂ ಸೇರಿದ ಒಂದು ಶೈಲಿ ಆಗುತ್ತೆ. ಬಾನಿಗೆ ಮೂಲದವರ ಹೆಸರು ಇರುತ್ತೆ, ಆದ್ರೆ ಒಡೆಯರು ಇರಲ್ಲ. ಯಾರು ಬೇಕಾದ್ರೂ ನುಡಿಸಬಹುದು. ಆದ್ರೆ ಅದು ಆಗೋ ಮಾತಲ್ಲ. ಸಾವಿರಾರು ವಿದ್ವಾಂಸರನ್ನ ಅಳೆದಿದೀವಿ, ಒಬ್ಬರ ಹಾಗೆ ಇನ್ನೊಬ್ರಿಲ್ಲ."

ಬಸ್ಸಿನಲ್ಲಿ ಹೆಬ್ಬಾಳ ದಾಟುವಾಗ ನನಗೆ ನಗು ಬಂತು. ಪಕ್ಕದ ಸೀಟಿನವಳು ಹೆದರಿ ಸರಿದು ಕೂತಳು. ವಿದ್ವಾಂಸರು ಇನ್ನೊಬ್ಬರ ಹಾಗೆ ಯಾಕೆ ನುಡಿಸುತ್ತಾರೆ? ನಮ್ಮ ಕಸುಬು ಬೇರೆ. ಹನ್ನೆರಡು ಪಿಟೀಲು ಒಂದೇ ಪಿಟೀಲಿನ ಹಾಗೆ ಕೇಳಬೇಕು. ಮೊದಲ ಕುರ್ಚಿಯ ಕಮಾನು ಎಲ್ಲಿ ತಿರುಗುತ್ತದೋ ಎಲ್ಲರದ್ದೂ ಅಲ್ಲೇ ತಿರುಗಬೇಕು. ಯಾರಾದರೂ ತಮ್ಮ ಚಂದ ತೋರಿಸಲು ಹೋದರೆ ಗಾಜಿನಾಚೆಯಿಂದ ಬೈಗುಳ. ನಾವು ದುಡಿದದ್ದೆಲ್ಲ ನಮ್ಮ ಕೈಯನ್ನು ಅಳಿಸಿಕೊಳ್ಳುವುದಕ್ಕೇ. ಆ ಹನ್ನೊಂದು ಜನರಲ್ಲಿ ಹತ್ತು ಜನ ಸಾಕು. ಮೈಕೂ ಸಿಗುತ್ತದೆ, ಹೆಸರೂ ಬರುತ್ತದೆ. ಸರಸಿಜ ಬಾನಿ! ಮನೆ ತಲುಪುವವರೆಗೂ ಅದನ್ನೇ ಬಾಯಲ್ಲಿ ಚಪ್ಪರಿಸಿದೆ.

*

ಡಾಕ್ಟರು ಅಳೆದದ್ದನ್ನು ಆಧಾರ ಮಾಡಿ, ಮೂಲ ನಾನು ಅಂತ ಬರೆದು ಸರ್ಕಾರಕ್ಕೆ ಅರ್ಜಿ ಹಾಕಿದೆವು. ಪರೀಕ್ಷೆಗೆ ಒಬ್ಬೊಬ್ಬರೇ ಹೋಗಿ ನುಡಿಸಬೇಕು, ಮೈಕು ಸತ್ತರೆ ಆ ಕೈ ಇದೆ ಅಂತ ಲೆಕ್ಕ, ಒಂದೇ ಅವಕಾಶ ಅಂತ ಉತ್ತರ ಬಂತು. ಅಭ್ಯಾಸಕ್ಕೆ ಕೂತದ್ದು ರಾಜೀವತ್ತಿಗೆಯ ಮನೆಯ ನಡುಮನೆಯಲ್ಲಿ. ಫೆಲಿಕ್ಸ್ ಒಂದು ಮೈಕು ತಂದು ಕುಕ್ಕರಿನ ಮುಚ್ಚಳದ ಮೇಲೆ ನಿಲ್ಲಿಸಿದ. ಒಟ್ಟಿಗೆ ನುಡಿಸಿದೆವು, ಮೈಕು ಸತ್ತಿತು. ಎಲ್ಲರೂ ಹೋ ಅಂತ ಕೂಗಿದರು. ಒಬ್ಬೊಬ್ಬರೇ ನುಡಿಸಲು ಶುರು ಮಾಡಿದಾಗ ಮಾತ್ರ ಹಾಳಾದ್ದು ಸಾಯಲೇ ಇಲ್ಲ.

ಏನಾಗುತ್ತಿತ್ತು ಅಂದರೆ, ಪಕ್ಕದಲ್ಲಿ ಯಾರೂ ಇಲ್ಲ ಅಂದ ಕೂಡಲೇ ಒಬ್ಬೊಬ್ಬನೂ ತಾನಾಗಿಬಿಡುತ್ತಿದ್ದ. ಫೆಲಿಕ್ಸನ ಪಿಟೀಲಿನಲ್ಲಿ ಅವನ ಚರ್ಚಿನ ಹಾಡಿನ ಎಳೆತ ಬರುತ್ತಿತ್ತು. ಗಿರಣಿಯ ಸಿದ್ದಪ್ಪ ಚಿಕ್ಕಂದಿನಲ್ಲಿ ನಾಟಕ ಕಂಪನಿಯಲ್ಲಿ ನುಡಿಸಿದವನು. ಒಂಟಿಯಾಗಿ ಕಮಾನು ಹಿಡಿದರೆ ರಾಜನ ಪ್ರವೇಶವೇ ಆಗಿಹೋಗುತ್ತಿತ್ತು. ನಾನು ಬೈದೆ, ಕೂಗಿದೆ, ಕಮಾನಿನಿಂದ ಕುರ್ಚಿ ಬಡಿದೆ.

"ನಿಮ್ಮ ಸಂಗೀತ ಯಾರಿಗೆ ಬೇಕ್ರೋ! ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನೆಲ್ಲ?"

"ಅಕ್ಕ, ಸುಮ್ನಿರಿ," ಎಂದ ಫೆಲಿಕ್ಸ್, ಬೆವರು ಒರೆಸಿಕೊಳ್ಳುತ್ತ. "ಕಂಪನಿಯವರು ಹೇಳಿದ್ದಕ್ಕೆ ಒಪ್ಕೊಳ್ಳಿ. ನಿಮ್ಮ ಹೆಸರು ಬರೋ ಕಾಲ ಬಂದಿದೆ. ನಮ್ಮನ್ನ ಕಟ್ಕೊಂಡು ಯಾಕೆ ಒದ್ದಾಡ್ತೀರಿ?"

"ಮುಚ್ಚೋ ಬಾಯಿ. ಹನ್ನೊಂದು ಜನರ ಬಾಯಿಗೆ ಮಣ್ಣು ಹಾಕಿ ಹೆಸರು ಬರೆಸ್ಕೊಳ್ಳೋಷ್ಟು ಗತಿಗೆಟ್ಟಿಲ್ಲ ನಾನು."

ಆಗ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತಿಗೆ, ಕೈಯಲ್ಲಿ ಸೌಟು ಹಿಡಿದೇ ಫೆಲಿಕ್ಸನಿಗೆ ಹೇಳಿದರು: "ನೋಡಪ್ಪ, ಇವತ್ತು ನಮ್ಮನೆಯೋರಿಗೆ ಎರಡು ಕಡೆ ಕೆಲಸ ಬಿದ್ದಿದೆ. ಅವರ ಬದಲಿ ನೀನು ಹೋಗ್ತಿದೀಯ. ಡೈರೆಕ್ಟರಿಗೆ ಗೊತ್ತಾದ್ರೆ ನಾಳೆಯಿಂದ ಅವರಿಗೆ ಕೆಲಸ ಇಲ್ಲ. ನುಡಿಸು."

ಫೆಲಿಕ್ಸ್ ಬೆನ್ನು ನೆಟ್ಟಗೆ ಮಾಡಿಕೊಂಡ. ಅವನ ಮುಖವೇ ಬದಲಾಯಿತು. ಇನ್ನೊಬ್ಬರ ಅನ್ನ ತನ್ನ ಕೈಯಲ್ಲಿದೆ ಅನ್ನುವಾಗ ನಮ್ಮವರ ಮುಖಕ್ಕೆ ಬರುವ ಆ ಗಾಂಭೀರ್ಯವನ್ನು ನಾನು ನೂರು ಸಲ ನೋಡಿದ್ದೇನೆ. ಕಮಾನು ಇಳಿಯಿತು, ತಿರುಗಿತು, ಸ್ವರ ಒಂದು ಕ್ಷಣ ನಿಂತು ಆಮೇಲೆ ನಡುಗಿತು. ಮೈಕು ಸತ್ತಿತು.

ಮನೆಯಲ್ಲಿ ಗಲಾಟೆಯೋ ಗಲಾಟೆ. ಸಿದ್ದಪ್ಪ ಫೆಲಿಕ್ಸನನ್ನು ಎತ್ತಿಕೊಂಡು ಕುಣಿದ. ಅತ್ತಿಗೆ ಎಲ್ಲರಿಗೂ ಹಿತಕವರೆ ಸಾರು, ಅಕ್ಕಿ ರೊಟ್ಟಿ ಬಡಿಸಿದರು. "ಮೈಕು ಸತ್ತಿದ್ದಕ್ಕೆ ಹಬ್ಬ ಮಾಡೋ ಪಿಟೀಲಿನವರನ್ನ ಇವತ್ತೇ ನೋಡಿದ್ದು," ಎಂದರು.

ಎಲ್ಲರೂ ಹೋದ ಮೇಲೆ ನಾನು ಪಾತ್ರೆ ತೊಳೆಯಲು ನಿಂತೆ. "ಅತ್ತಿಗೆ, ಇದು ಬಾನಿ ಆದ್ರೆ ನಿಮಗೆ ತಿಂಗಳು ತಿಂಗಳು ಬರೋದು ನಿಂತ್ಹೋಗುತ್ತೆ. ಯೋಚನೆ ಮಾಡಿದೀರಾ?"

"ಮಾಡ್ದೆ. ತಂಗಿ ಮನೇಲಿ ಮೇಲಿನ ರೂಮು ಖಾಲಿ ಇದೆ, ಇದನ್ನ ಬಾಡಿಗೆಗೆ ಕೊಟ್ಟು ಅಲ್ಲಿಗೆ ಹೋಗ್ತೀನಿ." ಅವರು ಬೂದಿ ಹಾಕಿ ತಪ್ಪಲೆ ಉಜ್ಜುತ್ತಲೇ ಇದ್ದರು. "ಸತ್ತೋರ ಕೈಲಿ ಬನಿಯನ್ ಮಾರಿಸ್ತಾರಲ್ಲೇ ಸರಸಿ. ತರಕಾರಿಗೆ ಹೋದ್ರೂ ಕೇಳುತ್ತೆ, ಬ್ಯಾಂಕಿಗೆ ಹೋದ್ರೂ ಕೇಳುತ್ತೆ. ಅವರಿಗೆ ನಾನು ಸರಿಯಾಗಿ ಅತ್ತಿದ್ದೇ ಇಲ್ಲ, ಗೊತ್ತಾ? ಎಲ್ಲೋ ಒಂದು ಕಡೆ ನುಡಿಸ್ತಾನೇ ಇರ್ತಾರೆ, ಹೆಂಗೆ ಅಳೋದು?" ಇಬ್ಬರೂ ಸೇರಿ ಪಾತ್ರೆ ತೊಳೆದು ಮುಗಿಸಿದೆವು.

*

ಪರೀಕ್ಷೆ ನಡೆದದ್ದು ಅದೇ ಪ್ರಯೋಗಾಲಯದ ಗಾಜಿನ ಕೋಣೆಯಲ್ಲಿ. ಸರ್ಕಾರದ ಕಡೆಯಿಂದ ತೀರ್ಪುಗಾರರಾಗಿ ಪುಟ್ಟಲಿಂಗಯ್ಯ ಅನ್ನುವವರು ಬಂದಿದ್ದರು. ದಪ್ಪ ಕನ್ನಡಕ, ನೆಗಡಿ, ಆಗಾಗ ಮೂಗು ಒರೆಸಿಕೊಳ್ಳುತ್ತಿದ್ದರು. ಕಂಪನಿಯ ವಕೀಲರು ಒಂದು ಕಡೆ, ನಾವು ಇನ್ನೊಂದು ಕಡೆ. ಅತ್ತಿಗೆ ರೇಷ್ಮೆ ಸೀರೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ನನಗೆ ಬೇರೆಯೇ ಕುರ್ಚಿ ಹಾಕಿದ್ದರು. ಮೇಲೆ ಚೀಟಿ ಅಂಟಿಸಿತ್ತು: ಮೂಲ. ನಾನು ಅದರ ಮೇಲೆ ಮಹಾರಾಣಿಯ ಹಾಗೆ ಕೂತೆ.

ಫೆಲಿಕ್ಸ್ ಹೋದ. ಮೈಕು ಸತ್ತಿತು. "ಒಂದು," ಎಂದರು ಪುಟ್ಟಲಿಂಗಯ್ಯ. ಸಿದ್ದಪ್ಪ ಹೋದ, ಸತ್ತಿತು. ಒಬ್ಬರ ಹಿಂದೆ ಒಬ್ಬರು ಹೋಗಿ ಬದಲಿ ನುಡಿಸಿ ಬಂದರು. ವಕೀಲರ ಮುಖ ಹುಳಿ ಮಜ್ಜಿಗೆ ಕುಡಿದವರ ಹಾಗಾಯಿತು. ಡಾ. ಮಂದಾಕಿನಿ ಮಾತ್ರ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದರು. ತಮ್ಮ ಯಂತ್ರ ಸೋಲುತ್ತಿದೆ ಅನ್ನುವುದೇ ಅವರಿಗೆ ಮರೆತುಹೋದಂತಿತ್ತು.

ವ್ಯಾನು ಓಡಿಸುವವನ ಕಮಾನು ಹೆದರಿಕೆಗೆ ಜಾರಿತು. ಮೈಕು ಬದುಕಿತು. ಇನ್ನೂ ಒಬ್ಬರು ಉಳಿದಿದ್ದಾರೆ, ಪರವಾಗಿಲ್ಲ ಅಂದುಕೊಂಡೆ. ಕೊನೆಗೆ ಹೋದದ್ದು ನಮ್ಮ ಸಾಲಿನ ಹಿರಿಯರು ಶೇಷಗಿರಿಯವರು. ಒಂದು ಸಾಲು ಚೆನ್ನಾಗಿಯೇ ನುಡಿಸಿದರು. ಎರಡನೆಯದಕ್ಕೆ ಬಂದಾಗ ಅವರಿಗೆ ಅದೇನು ಅನ್ನಿಸಿತೋ, ಕಣ್ಣು ಮುಚ್ಚಿಕೊಂಡು ತಮ್ಮದೇ ಒಂದು ಗಮಕ ಹಾಕಿಬಿಟ್ಟರು. ಬಹಳ ಚಂದದ ಗಮಕ. ಮೈಕು ಅದನ್ನು ಕಡೆಯವರೆಗೂ ಕೇಳಿತು.

"ಒಂಬತ್ತು," ಎಂದರು ಪುಟ್ಟಲಿಂಗಯ್ಯ, ಕನ್ನಡಕ ತೆಗೆದು. "ಹತ್ತು ಬೇಕಿತ್ತು. ಬೇರೆ ಯಾರಾದರೂ ಇದ್ದಾರೆಯೇ?"

ಶೇಷಗಿರಿಯವರು ಹೊರಗೆ ಬಂದು ಗೋಡೆಗೆ ಹಣೆ ಕೊಟ್ಟು ನಿಂತರು. ಫೆಲಿಕ್ಸ್ ನನ್ನ ಕಡೆ ನೋಡಲಿಲ್ಲ. ನೋಡಬಾರದು ಅಂತಲೇ ನೋಡಲಿಲ್ಲ. ನನಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಆ ಕೋಣೆಯಲ್ಲಿ ಆ ಕೈ ಇರುವ ಇನ್ನೊಬ್ಬಳು ಇದ್ದಳು. ಕುರ್ಚಿಯಿಂದ ಎದ್ದೆ.

ಡಾಕ್ಟರು ಓಡಿ ಬಂದು ನನ್ನ ತೋಳು ಹಿಡಿದರು. "ಮೇಡಂ, ಕೂತ್ಕೊಳ್ಳಿ. ನೀವು ಮೂಲ. ನಕಲಿನ ಸಾಲಿಗೆ ಹೋದ್ರೆ ಮೂಲ ಅಚ್ಯುತ ಅವರೇ ಅಂತ ಆಗುತ್ತೆ. ನೀವು ಅವರನ್ನ ನೋಡಿ ಕಲಿತವರು ಅಂತ ದಾಖಲಾಗುತ್ತೆ. ಆಮೇಲೆ ಯಾವ ಕಾಲಕ್ಕೂ ಈ ಕೈ ನನ್ನದು ಅನ್ನೋ ಹಾಗಿಲ್ಲ. ನನ್ನ ಹತ್ರ ಪುರಾವೆ ಇದ್ರೂ ನಡೆಯಲ್ಲ. ಇವತ್ತು ಸೋತ್ರೂ ನಿಮ್ಮ ಹೆಸರು ನಿಮಗೆ ಸಿಗುತ್ತೆ, ಯೋಚನೆ ಮಾಡಿ."

"ಬೇಡ ಕಣೇ ಸರಸಿ," ಎಂದರು ಅತ್ತಿಗೆ. "ಜನ್ಮವೆಲ್ಲ ಅವರ ಹೆಸರಲ್ಲಿ ನುಡಿಸಿದ್ದು ಸಾಕು."

ಯೋಚನೆ ಮಾಡಿದೆ. ದೊಡ್ಡ ಮನಸ್ಸಿನಿಂದ ಎದ್ದು ಹೋದೆ ಅಂತ ಹೇಳಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ಹೊಟ್ಟೆ ಉರಿಯಿತು. ಶೇಷಗಿರಿಯವರ ಆ ಗಮಕಕ್ಕೆ ಬೆಂಕಿ ಬೀಳಲಿ ಅಂತ ಮನಸ್ಸಿನಲ್ಲೇ ಶಪಿಸಿದೆ. ಅಮ್ಮನ ನೆನಪಾಯಿತು, ಪರದೆ ನೋಡುತ್ತ ಕಣ್ಣು ಕಿರಿದು ಮಾಡಿಕೊಂಡು ಅಕ್ಷರ ಹುಡುಕುತ್ತಿದ್ದ ಅಮ್ಮ. ಆಮೇಲೆ ವಕೀಲರ ಕಡೆ ನೋಡಿದೆ. ಆತ ಆಗಲೇ ಬ್ಯಾಗಿನ ಜಿಪ್ಪು ಎಳೆಯುತ್ತಿದ್ದ, ತುಟಿಯಂಚಿನಲ್ಲಿ ಸಣ್ಣ ನಗು. ನಾನು ಹೆಸರನ್ನು ಬಿಡುವುದಿಲ್ಲ ಅನ್ನುವ ಭರವಸೆ ಅವನಿಗೆ. ಹನ್ನೆರಡು ಜನರಲ್ಲಿ ಒಬ್ಬಳನ್ನು ಕೊಂಡರೆ ಉಳಿದವರು ತಾವೇ ಉದುರುತ್ತಾರೆ ಅನ್ನುವ ಲೆಕ್ಕ. ಆ ನಗು ನೋಡಿ ನನಗೆ ಎಲ್ಲಿತ್ತೋ ರೋಷ ಬಂತು.

ಗಾಜಿನ ಕೋಣೆಗೆ ಹೋಗಿ ಕೂತೆ.

ಪುಟ್ಟಲಿಂಗಯ್ಯ ಮೂಗು ಒರೆಸಿಕೊಂಡು ಕೇಳಿದರು: "ಸ್ಪಷ್ಟವಾಗಿ ಹೇಳಬೇಕಮ್ಮ. ನೀವು ಮೂಲವೋ, ನಕಲೋ?"

"ಬದಲಿ, ಸ್ವಾಮಿ," ಎಂದೆ. "ಅಚ್ಯುತಣ್ಣನಿಗೆ ಬರೋಕಾಗ್ಲಿಲ್ಲ. ಅವರ ಬದಲಿ ಬಂದಿದೀನಿ."

ಹೊರಗೆ ಅತ್ತಿಗೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರು. ನಾನು ಕಮಾನು ಇಳಿಸಿದೆ. ಅಷ್ಟು ಚೆನ್ನಾಗಿ ನಾನು ಮೊದಲೂ ನುಡಿಸಿರಲಿಲ್ಲ, ಆಮೇಲೂ ನುಡಿಸಿಲ್ಲ. ಆದರೆ ಯಾರಿಗೆ ತೋರಿಸೋಣ? ಎರಡನೆಯ ಸಾಲಿಗೇ ಮೈಕು ಸತ್ತಿತು.

"ಹತ್ತು," ಎಂದರು ಪುಟ್ಟಲಿಂಗಯ್ಯ.

*

ಅದಕ್ಕೆ ಈಗ ಅಚ್ಯುತ ಬಾನಿ ಅಂತ ಹೆಸರು. ಬನಿಯನ್ ಜಾಹೀರಾತಿಗೆ ಬೇರೆ ಯಾರದೋ ಕೈ ಬಂದಿದೆ. ಅತ್ತಿಗೆ ತಂಗಿಯ ಮನೆಯ ಮೇಲಿನ ರೂಮಿನಲ್ಲಿದ್ದಾರೆ. ತರಕಾರಿಗೆ ಹೋದರೆ ಬರೀ ತರಕಾರಿಯವರ ಕೂಗು ಕೇಳುತ್ತದಂತೆ, ನಿದ್ದೆ ಚೆನ್ನಾಗಿ ಬರುತ್ತದಂತೆ.

ತಿಂಗಳು ತುಂಬುವುದರೊಳಗೆ ನಾವು ರಾಜಾಜಿನಗರದ ಸ್ಟುಡಿಯೋಗೆ ಹೋದೆವು. ಹನ್ನೆರಡೂ ಜನ ಕೂತೆವು. ಕೆಂಪು ದೀಪ ಹತ್ತಿತು, ಕಮಾನುಗಳು ಇಳಿದವು, ಮೈಕು ಕೊನೆಯವರೆಗೂ ಬದುಕಿತ್ತು. ಗಾಜಿನಾಚೆಯಿಂದ ಡೈರೆಕ್ಟರ್, "ಹಿಂದಿನ ಸಾಲಿನಲ್ಲಿ ಯಾರೋ ಲೇಟು, ಇನ್ನೊಂದು ಟೇಕು," ಎಂದು ರೇಗಿದ. ಅಯ್ಯೋ, ಬೈಸಿಕೊಳ್ಳುವುದರಲ್ಲಿ ಇಷ್ಟು ಸುಖ ಇದೆ ಅಂತ ನನಗೆ ಗೊತ್ತಿರಲಿಲ್ಲ.

ಊಟದ ಬಿಡುವಿನಲ್ಲಿ ಡಾ. ಮಂದಾಕಿನಿ ಬಂದಿದ್ದರು. ಕೇಳಿಕೊಂಡು ಹೋಗೋಣ ಅಂತ ಬಂದೆ ಅಂದರು. ಬಾಕ್ಸ್ ಬಿಚ್ಚಿ ಪುಳಿಯೋಗರೆ ತಿನ್ನುತ್ತಿದ್ದ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು.

"ಅದು ನಿಮ್ಮ ಕೈ ಅಂತ ನನಗೆ ಗೊತ್ತು," ಎಂದರು ಮೆಲ್ಲಗೆ. "ಇನ್ಯಾರಿಗೂ ಗೊತ್ತಾಗಲ್ಲ ಮೇಡಂ. ನನಗೆ ತುಂಬಾ ಬೇಜಾರಾಯ್ತು."

"ನಂಗೂ ಆಯ್ತು," ಎಂದೆ. ಯಾಕೆ ಸುಳ್ಳು ಹೇಳಲಿ.

ಅವರು ಇನ್ನಷ್ಟು ಹತ್ತಿರ ಸರಿದರು. "ಕಂಪನಿಯವರು ಸುಮ್ನಿರಲ್ಲ. ಹೊಸ ಕಿವಿ ಮಾಡು ಅಂತ ನನಗೆ ಹೇಳಿದಾರೆ. ಇನ್ಮೇಲೆ ಕಮಾನಿನ ಸದ್ದು ನೋಡಲ್ಲ. ನುಡಿಸೋವಾಗ ಬೆರಳ ತುದಿಯಲ್ಲಿ ನಾಡಿ ಬಡಿಯುತ್ತಲ್ಲ, ಅದು ತಂತಿಗೆ ತಾಗೋದನ್ನ ಕೇಳುತ್ತೆ. ಅದನ್ನ ಯಾರೂ ನಕಲು ಮಾಡೋಕಾಗಲ್ಲ. ನಿಮಗೆ ಮೊದಲೇ ತಿಳಿಸಿಬಿಡೋಣ ಅನ್ನಿಸ್ತು."

ಒಳಗಿನಿಂದ ಫೆಲಿಕ್ಸ್ ಕೂಗಿದ, ಟೇಕಿಗೆ ಹೊತ್ತಾಯಿತು ಅಂತ. ನಾನು ಬಾಕ್ಸ್ ಮುಚ್ಚಿ, ಕೈ ತೊಳೆದು, ಬೆರಳು ಬೆರಳನ್ನೂ ಸೆರಗಿನಲ್ಲಿ ಚೆನ್ನಾಗಿ ಒರೆಸಿಕೊಂಡೆ.

"ಮಾಡಿ ಡಾಕ್ಟ್ರೇ, ಧಾರಾಳವಾಗಿ ಮಾಡಿ," ಎಂದೆ. "ಅದಕ್ಕೂ ಬದಲಿ ಕಳಿಸ್ತೀವಿ."